ಕಾಲೇಜು ಪ್ರವೇಶದಲ್ಲಿ ಪಠ್ಯೇತರ ಚಟುವಟಿಕೆಗಳ ಪಾತ್ರ: ಸೊಲ್ಲಾಪುರ–ಅಕ್ಕಲಕೋಟೆಯ ಕನ್ನಡ ಮಾಧ್ಯಮ ಶಿಕ್ಷಕರ ಹೊಣೆ

(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹತ್ತನೆಯ ಇಯತ್ತೆಯ ಫಲಿತಾಂಶ ಪ್ರಕಟವಾದ ದಿನ ಪಾಲಕರು ಶಾಲೆಗೆ ಬಂದು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಅಂಕ ಎಷ್ಟು ಬಂದಿವೆ ಎಂಬುದು ಮೊದಲನೆಯದು. ಯಾವ ಕಾಲೇಜಿನಲ್ಲಿ ಜಾಗ ಸಿಗುತ್ತದೆ ಎಂಬುದು ಎರಡನೆಯದು. ಈ ಎರಡು ಪ್ರಶ್ನೆಗಳ ನಡುವೆ ಮೂರನೆಯದೊಂದಿದೆ. ಅದನ್ನು ಪಾಲಕರು ಕೇಳುವುದಿಲ್ಲ, ಏಕೆಂದರೆ ಅಂಥದ್ದೊಂದು ಪ್ರಶ್ನೆ ಇದೆ ಎಂಬುದೇ ಬಹುಪಾಲು ಪಾಲಕರಿಗೆ ತಿಳಿದಿರುವುದಿಲ್ಲ. ಮಗು ಐದು ವರ್ಷ ಆಡಿದ ಆಟ, ಬಿಡಿಸಿದ ಚಿತ್ರ, ಹಾಡಿದ ಹಾಡು, ಬಾರಿಸಿದ ವಾದ್ಯ ಇವುಗಳಿಗೆ ಕಾಲೇಜಿನ ಬಾಗಿಲಲ್ಲಿ ಏನಾದರೂ ಬೆಲೆ ಇದೆಯೇ ಎಂಬುದೇ ಆ ಪ್ರಶ್ನೆ.

ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸಾಧ್ಯವಿಲ್ಲ. ಕೆಲವು ಬಾಗಿಲುಗಳಲ್ಲಿ ಬೆಲೆ ಇದೆ, ಕೆಲವು ಬಾಗಿಲುಗಳಲ್ಲಿ ಸ್ವಲ್ಪವೂ ಇಲ್ಲ. ಬೆಲೆ ಇರುವಲ್ಲಿಯೂ ಅದು ತಾನಾಗಿ ಮಗುವಿನ ಕೈಸೇರುವುದಿಲ್ಲ; ಶಾಲೆಯವರು ಸಮಯಕ್ಕೆ ಸರಿಯಾಗಿ ಗುರುತಿಸಿ, ಬರೆದಿಟ್ಟು, ಮುಂದೆ ಕಳಿಸಿದರೆ ಮಾತ್ರ ಸೇರುತ್ತದೆ. ನಗರದ ದೊಡ್ಡ ಶಾಲೆಯ ಮಗುವಿಗೆ ಈ ಕೆಲಸವನ್ನು ಮಾಡಿಕೊಡಲು ವಿದ್ಯಾವಂತ ತಂದೆತಾಯಿಗಳಿರುತ್ತಾರೆ, ತರಗತಿಯ ಹೊರಗಿನ ತರಬೇತುದಾರರಿರುತ್ತಾರೆ. ಮಗ್ಗದ ಮನೆಯ, ಬೀಡಿ ಕಟ್ಟುವ ಮನೆಯ, ಹೊಲದ ಕೂಲಿಯ ಮನೆಯ ಕನ್ನಡ ಮಾಧ್ಯಮದ ಮಗುವಿಗೆ ಇರುವವರು ಶಿಕ್ಷಕರೊಬ್ಬರೇ. ಆದುದರಿಂದ ಈ ವಿಷಯವನ್ನು ಸ್ನೇಹಸಮ್ಮೇಳನದ ಅಲಂಕಾರವೆಂದು ತಿಳಿಯದೆ, ಶಿಕ್ಷಕರ ನಿತ್ಯದ ಕೆಲಸದ ಭಾಗವೆಂದು ಪರಿಶೀಲಿಸುವುದು ಯುಕ್ತ.

1. ಹನ್ನೊಂದನೆಯ ಇಯತ್ತೆಯ ಬಾಗಿಲು

ಹನ್ನೊಂದನೆಯ ಇಯತ್ತೆಯ ಪ್ರವೇಶಕ್ಕೆ ಕೇಂದ್ರೀಕೃತ ಆನ್‌ಲೈನ್ ಪದ್ಧತಿ ಮೊದಲು ಮುಂಬಯಿ, ಪುಣೆ, ನಾಸಿಕ, ನಾಗಪುರ, ಅಮರಾವತಿಯಂಥ ಮಹಾನಗರಗಳಿಗೆ ಸೀಮಿತವಾಗಿತ್ತು. 2025-26ನೆಯ ಶೈಕ್ಷಣಿಕ ವರ್ಷದಿಂದ ಅದು ಇಡೀ ಮಹಾರಾಷ್ಟ್ರಕ್ಕೆ ವಿಸ್ತರಿಸಿತು. ಸೊಲ್ಲಾಪುರದ ಹಾಗೂ ಅಕ್ಕಲಕೋಟೆಯ ಜ್ಯೂನಿಯರ್ ಕಾಲೇಜುಗಳೂ ಅದರೊಳಗೆ ಬಂದವು. ಹಿಂದೆ ಕಾಲೇಜಿನ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಪರಿಚಯದವರ ಮೂಲಕ ವಿಚಾರಿಸಿ ಜಾಗ ಪಡೆಯುವ ರೂಢಿ ಇತ್ತು. ಈಗ ಗುಣಾನುಕ್ರಮದ ಪಟ್ಟಿಯೇ ಮಾತನಾಡುತ್ತದೆ. ಅಲ್ಪಸಂಖ್ಯಾತ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಆಯಾ ಸಮುದಾಯದ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆಯಾದರೂ ಅದರೊಳಗೂ ಅಂಕಗಳ ಕ್ರಮವೇ ನಡೆಯುತ್ತದೆ. ಇಂಥ ಪಟ್ಟಿಯಲ್ಲಿ ಅರ್ಧ ಶೇಕಡಾ ಅಂಕವೂ ಮಗುವನ್ನು ಮೇಲಕ್ಕೆ ಅಥವಾ ಕೆಳಕ್ಕೆ ತಳ್ಳಬಲ್ಲದು.

ಮಹಾರಾಷ್ಟ್ರ ರಾಜ್ಯ ಮಾಧ್ಯಮಿಕ ಹಾಗೂ ಉಚ್ಚ ಮಾಧ್ಯಮಿಕ ಶಿಕ್ಷಣ ಮಂಡಳಿಯು ಹತ್ತನೆಯ ಇಯತ್ತೆಯ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಅಂಕಗಳಲ್ಲದೆ ಹೆಚ್ಚುವರಿ ಅಂಕಗಳನ್ನು ಕೊಡುವುದು ಇಲ್ಲಿ ಮಹತ್ವ ಪಡೆಯುತ್ತದೆ. ಕ್ರೀಡೆ, ಚಿತ್ರಕಲೆ, ಶಾಸ್ತ್ರೀಯ ಗಾಯನ–ವಾದನ–ನೃತ್ಯ, ಲೋಕಕಲೆ, ಎನ್‌ಸಿಸಿ ಹಾಗೂ ಸ್ಕೌಟ್–ಗೈಡ್ ಇವೆಲ್ಲ ಈ ವ್ಯವಸ್ಥೆಯಲ್ಲಿ ಸೇರಿವೆ. ಕ್ರೀಡೆಯಲ್ಲಿ ಸ್ಪರ್ಧೆಯ ಮಟ್ಟ ಏರಿದಂತೆ ಅಂಕವೂ ಏರುತ್ತದೆ. ಚಿತ್ರಕಲೆಯ ಲೆಕ್ಕವಂತೂ ತೀರ ಸರಳ. ರಾಜ್ಯದ ಕಲಾ ಸಂಚಾಲನಾಲಯ ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಎಂಬ ಎರಡು ಚಿತ್ರಕಲಾ ಗ್ರೇಡ್ ಪರೀಕ್ಷೆಗಳಿವೆ. ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ‘ಎ’ ಶ್ರೇಣಿಗೆ 7, ‘ಬಿ’ ಶ್ರೇಣಿಗೆ 5, ‘ಸಿ’ ಶ್ರೇಣಿಗೆ 3 ಅಂಕ ದೊರೆಯುತ್ತವೆ. ಹಿಂದೆ ಇವು 15, 10, 5 ಇದ್ದವು, ಆಮೇಲೆ ಇಳಿಸಲಾಯಿತು.

ಏಳು ಅಂಕವೆಂದರೆ ಎಷ್ಟು? ಮಂಡಳಿಯು ಉತ್ತಮವಾದ ಐದು ವಿಷಯಗಳನ್ನು ಹಿಡಿದು 500 ಅಂಕಗಳಿಗೆ ಶೇಕಡಾವಾರು ತೆಗೆಯುತ್ತದೆ. ಒಬ್ಬ ವಿದ್ಯಾರ್ಥಿನಿ 425 ಅಂಕ ಪಡೆದಳೆಂದು ಇಟ್ಟುಕೊಂಡರೆ ಆಕೆಯದು ಶೇ. 85. ಚಿತ್ರಕಲೆಯ ‘ಎ’ ಶ್ರೇಣಿಯ 7 ಅಂಕ ಸೇರಿದರೆ ಅದು 432, ಎಂದರೆ ಶೇ. 86.4. ಗಣಿತದಲ್ಲಿ ಇದೇ ಏಳು ಅಂಕವನ್ನು ಹೆಚ್ಚಿಸಲು ಒಬ್ಬ ಮಗು ಇಡೀ ವರ್ಷ ದುಡಿಯಬೇಕಾಗುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಹತ್ತನೆಯ ಇಯತ್ತೆಯ ಫಲಿತಾಂಶದಲ್ಲಿ ರಾಜ್ಯದ 211 ವಿದ್ಯಾರ್ಥಿಗಳು ನೂರಕ್ಕೆ ನೂರು ಪಡೆದರು. ಅವರಲ್ಲಿ 113 ಮಂದಿ ನೆರೆಯ ಲಾತೂರು ವಿಭಾಗದವರು. ಅಂಥ ಪೂರ್ಣಾಂಕಗಳ ಹಿಂದೆ ಓದಿನ ಜೊತೆಗೆ ಈ ಹೆಚ್ಚುವರಿ ಅಂಕಗಳ ಪಾಲೂ ಇರುತ್ತದೆ. ಲಾತೂರಿನ ಶಾಲೆಗಳು ಈ ಲೆಕ್ಕವನ್ನು ಬಹಳ ಹಿಂದೆಯೇ ಕಲಿತಿವೆ. ಸೊಲ್ಲಾಪುರದ ಕನ್ನಡ ಶಾಲೆಗಳು ಕಲಿಯಬಾರದೆಂಬ ನಿಯಮವೇನೂ ಇಲ್ಲ.

2. ಪ್ರತಿಭೆ ಮೈದಾನದಲ್ಲಿ, ಅಂಕ ಕಾಗದದಲ್ಲಿ

ಹೆಚ್ಚುವರಿ ಅಂಕವು ಆಟದ ಮೈದಾನದಲ್ಲಿ ಹುಟ್ಟುವುದಿಲ್ಲ, ಕಾಗದದಲ್ಲಿ ಹುಟ್ಟುತ್ತದೆ. ಇದು ಕಟುವಾಗಿ ಕೇಳಿಸಬಹುದು, ಆದರೆ ಸತ್ಯ. ಊರ ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಹುಡುಗನಿಗೆ ಪಟಕ, ಬೆಳ್ಳಿಯ ಕಡಗ, ಜನರ ಜಯಕಾರ ಎಲ್ಲವೂ ಸಿಕ್ಕಿರಬಹುದು. ಮಂಡಳಿಯ ಲೆಕ್ಕದಲ್ಲಿ ಅವನು ಆಡಿಯೇ ಇಲ್ಲ. ಅದೇ ಹುಡುಗ ಕ್ರೀಡಾ ಹಾಗೂ ಯುವಜನ ಸೇವಾ ಸಂಚಾಲನಾಲಯದ ಶಾಲೇಯ ಸ್ಪರ್ಧೆಗಳಲ್ಲಿ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಪುಣೆ ವಿಭಾಗಕ್ಕೆ ಏರಿದರೆ ಆಗ ಅವನ ಆಟಕ್ಕೆ ದಾಖಲೆ ಬರುತ್ತದೆ. ಆ ಸ್ಪರ್ಧೆಗಳು 14, 17 ಹಾಗೂ 19 ವರ್ಷದೊಳಗಿನ ವಯೋಗುಂಪುಗಳಲ್ಲಿ ನಡೆಯುತ್ತವೆ. ಸ್ಪರ್ಧೆಯ ಹೆಸರು ಎಷ್ಟೇ ದೊಡ್ಡದಿದ್ದರೂ ಮಾನ್ಯತೆ ಇಲ್ಲದ ಖಾಸಗಿ ಸಂಘಟನೆಯ ಪ್ರಮಾಣಪತ್ರ ನಿಷ್ಪ್ರಯೋಜಕ. ಮಗುವನ್ನು ಸ್ಪರ್ಧೆಗೆ ಕಳಿಸುವ ಮುನ್ನ ಅದರ ಮಾನ್ಯತೆಯನ್ನು ವಿಚಾರಿಸುವುದು, ಬಡ ಪಾಲಕರ ಹಣವೂ ಮಗುವಿನ ಶ್ರಮವೂ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಶಿಕ್ಷಕರ ಕೆಲಸ.

ಪ್ರಮಾಣಪತ್ರ ಬಂದ ಮೇಲೆಯೂ ದಾರಿ ಮುಗಿಯುವುದಿಲ್ಲ. ವಿದ್ಯಾರ್ಥಿಯ ಪ್ರಸ್ತಾವ ಶಾಲೆಯ ಮೂಲಕವೇ ಹೋಗಬೇಕು. ಕ್ರೀಡೆಯ ಪ್ರಸ್ತಾವವು ಜಿಲ್ಲಾ ಕ್ರೀಡಾಧಿಕಾರಿಗಳ ಕಚೇರಿಯಲ್ಲಿ ಪರಿಶೀಲನೆಗೊಂಡು ಮಂಡಳಿಗೆ ತಲುಪುತ್ತದೆ. ಕಲೆಯ ಪ್ರಸ್ತಾವವೂ ನಿಗದಿತ ನಮೂನೆಯಲ್ಲಿ ನಿಗದಿತ ದಿನಾಂಕದೊಳಗೆ ಹೋಗಬೇಕು. ಸುತ್ತೋಲೆಗಳು ಮರಾಠಿಯಲ್ಲಿ ಬರುತ್ತವೆ. ಅವುಗಳ ಷರತ್ತುಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದೂ ಉಂಟು. ಕಳೆದ ವರ್ಷದ ನೆನಪನ್ನು ನಂಬದೆ ಆಯಾ ವರ್ಷದ ಸುತ್ತೋಲೆಯನ್ನು ಓದುವುದು, ಅದರ ಸಾರವನ್ನು ಕನ್ನಡದಲ್ಲಿ ಬರೆದು ಶಾಲೆಯ ಫಲಕಕ್ಕೆ ಹಚ್ಚುವುದು ಅಗತ್ಯ. ಇಷ್ಟೇ ಕೆಲಸದಿಂದ ಹಲವು ಮಕ್ಕಳ ಅಂಕ ಉಳಿಯುತ್ತದೆ.

ಗಡಿಭಾಗದ ಶಾಲೆಗಳಿಗೆ ವಿಶೇಷವಾದ ತೊಡಕೊಂದಿದೆ. ಮಗುವಿನ ಹೆಸರು ಶಾಲೆಯ ಹಾಜರಿಯಲ್ಲಿ ಕನ್ನಡದಲ್ಲಿರುತ್ತದೆ, ಗ್ರಾಮ ಪಂಚಾಯತಿಯ ದಾಖಲೆಯಲ್ಲಿ ಮರಾಠಿಯಲ್ಲಿರುತ್ತದೆ, ಮಂಡಳಿಯ ಅರ್ಜಿಯಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಒಂದೆಡೆ ‘ಶರಣಬಸಪ್ಪ’ ಎಂದಿದ್ದುದು ಇನ್ನೊಂದೆಡೆ ‘ಶರಣಪ್ಪಾ’ ಆಗುತ್ತದೆ. ಒಂದೆಡೆ ತಂದೆಯ ಹೆಸರು, ಇನ್ನೊಂದೆಡೆ ಅಡ್ಡಹೆಸರು ಬಿಟ್ಟುಹೋಗುತ್ತದೆ. ಹೀಗೆ ಮೂರು ಲಿಪಿಗಳಲ್ಲಿ ಮೂರು ರೂಪ ತಾಳಿದ ಹೆಸರು ಪರಿಶೀಲನೆಯ ಮೇಜಿನ ಮೇಲೆ ಮೂವರು ಬೇರೆ ಬೇರೆ ಮಕ್ಕಳಾಗಿಬಿಡುತ್ತದೆ. ಐದನೆಯ ಇಯತ್ತೆಯಲ್ಲಿಯೇ ಮಗುವಿನ ಹೆಸರನ್ನು ಮೂರು ಲಿಪಿಗಳಲ್ಲಿಯೂ ಒಂದೇ ರೀತಿ ನಿಶ್ಚಯಿಸಿ, ಪಾಲಕರಿಗೆ ತೋರಿಸಿ, ಪ್ರತಿಯೊಂದು ಪ್ರಮಾಣಪತ್ರದಲ್ಲಿಯೂ ಅದೇ ರೂಪ ಬರುವಂತೆ ನೋಡಿಕೊಂಡರೆ ಮುಂದಿನ ಅಲೆದಾಟ ತಪ್ಪುತ್ತದೆ.

3. ಮಕ್ಕಳಲ್ಲಿ ಈಗಾಗಲೇ ಇರುವ ಸಂಪತ್ತು

ಪಠ್ಯೇತರ ಚಟುವಟಿಕೆ ಎಂದೊಡನೆ ಈಜುಕೊಳ, ಸ್ಕೇಟಿಂಗ್, ಪಿಯಾನೊ ಎಂಬ ಚಿತ್ರ ಕಣ್ಣ ಮುಂದೆ ಬಂದು, ನಮ್ಮ ಶಾಲೆಗೆ ಇದೆಲ್ಲ ಎಲ್ಲಿಯ ಮಾತು ಎಂದು ಕೈಚೆಲ್ಲುವವರುಂಟು. ಸೊಲ್ಲಾಪುರ ಸೀಮೆಯ ಮಗುವಿನ ಬದುಕನ್ನು ಸ್ವಲ್ಪ ಗಮನಿಸಿದರೆ ಈ ನಿರಾಶೆಗೆ ಆಧಾರವಿಲ್ಲವೆಂದು ತಿಳಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳನ್ನು ಹೊತ್ತು ನಡೆಯುವವರ ಅಭ್ಯಾಸ, ತೋಳಬಲ, ಸಮತೋಲ, ಸಂಯಮ ಇವೆಲ್ಲ ಯಾವ ವ್ಯಾಯಾಮಶಾಲೆಯ ಶಿಕ್ಷಣಕ್ಕೂ ಕಡಿಮೆಯಲ್ಲ. ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಭಜನಾ ಮೇಳಗಳಿವೆ, ಡೊಳ್ಳಿನ ಪದಗಳಿವೆ, ಹಲಗಿಯ ಮೇಳಗಳಿವೆ. ಮಂಗಳವೇಢೆ ತಾಲ್ಲೂಕಿನ ಹುಲಜಂತಿಯ ಮಾಳಿಂಗರಾಯನ ಜಾತ್ರೆಗೆ ದೀಪಾವಳಿಯಲ್ಲಿ ಸೇರುವ ಡೊಳ್ಳಿನ ಮೇಳಗಳಲ್ಲಿ ಶಾಲೆಯ ಮಕ್ಕಳೂ ಇರುತ್ತಾರೆ. ಹಬ್ಬದ ರಾತ್ರಿ ಗಂಟೆಗಟ್ಟಲೆ ಪದ ನೆನಪಿನಿಂದ ಹಾಡುವ ಹುಡುಗ ಮರುದಿನ ತರಗತಿಯಲ್ಲಿ ‘ಕಂಠಪಾಠ ಬಾರದವನು’ ಎಂದು ಬೈಸಿಕೊಳ್ಳುತ್ತಾನೆ. ಅವನ ನೆನಪಿನಲ್ಲಿ ಕೊರತೆಯಿಲ್ಲ; ಅದನ್ನು ಶಾಲೆ ಗುರುತಿಸಿಲ್ಲ, ಅಷ್ಟೇ.

ಲೋಕಕಲೆಗೆ ಮಂಡಳಿಯ ಹೆಚ್ಚುವರಿ ಅಂಕದ ವ್ಯವಸ್ಥೆಯಲ್ಲಿ ಸ್ಥಾನವಿದೆ. ಆದರೆ ಅದು ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಬರಬೇಕು, ಪ್ರಯೋಗಗಳ ದಾಖಲೆ ಇರಬೇಕು. ಊರಿನ ಮೇಳದ ಹಿರಿಯರಿಗೆ ಈ ಮಾತನ್ನು ತಿಳಿಸಿ ಹೇಳುವವರು ಬೇಕು. ಮೇಳದವರನ್ನೂ ಅಂಥ ಸಂಸ್ಥೆಯನ್ನೂ ಮಗುವಿನ ಶಾಲೆಯನ್ನೂ ಒಟ್ಟು ಕೂಡಿಸಬಲ್ಲವರು ಆ ಊರಿನ ಶಿಕ್ಷಕರೇ.

ಕ್ರೀಡೆಯ ವಿಷಯದಲ್ಲಿಯೂ ಹಾಗೆಯೇ. ಖೋ ಖೋ ಆಟಕ್ಕೆ ಬೇಕಾದುದು ಎರಡು ಕಂಬ, ಒಂದು ಅಂಗಳ. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಮಹಿಳೆಯರ ಹಾಗೂ ಪುರುಷರ ತಂಡಗಳೆರಡೂ ಗೆದ್ದವು. ಎರಡೂ ತಂಡಗಳ ನಾಯಕತ್ವವನ್ನು ಮಹಾರಾಷ್ಟ್ರದ ಆಟಗಾರರೇ ವಹಿಸಿದ್ದರು. ಕಬಡ್ಡಿ, ಕುಸ್ತಿ, ಓಟ, ಮಲ್ಲಕಂಬ ಇವು ಯಾವುವೂ ಶ್ರೀಮಂತ ಶಾಲೆಯ ಸೊತ್ತಲ್ಲ. ಚಿತ್ರಕಲೆಗೂ ದೊಡ್ಡ ಖರ್ಚಿಲ್ಲ. ಮಗ್ಗದ ಮೇಲೆ ಚಾದರದ ವಿನ್ಯಾಸ ಮೂಡುವುದನ್ನು ಹುಟ್ಟಿನಿಂದ ನೋಡಿದ ಮಗುವಿಗೆ ವಿನ್ಯಾಸದ ತಾಳ, ಬಣ್ಣದ ಹೊಂದಾಣಿಕೆ, ಆಕೃತಿಯ ಪುನರಾವರ್ತನೆ ಹೊಸ ವಿಷಯಗಳಲ್ಲ. ಆ ಕಣ್ಣಿಗೆ ಕಾಗದ, ಪೆನ್ಸಿಲ್, ಬಣ್ಣ ಒದಗಿಸಿ ಗ್ರೇಡ್ ಪರೀಕ್ಷೆಗೆ ಕೂರಿಸುವುದಷ್ಟೇ ಉಳಿದಿರುವ ಕೆಲಸ.

4. ಅಂಕ ಸೇರದ ಬಾಗಿಲುಗಳು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನಿಚ್ಚಳವಾಗಿ ಹೇಳಬೇಕು. ವೈದ್ಯಕೀಯ ಶಿಕ್ಷಣಕ್ಕೆ ನೀಟ್, ಇಂಜಿನಿಯರಿಂಗಿಗೆ ಜೆಇಇ ಹಾಗೂ ಎಂ.ಎಚ್.ಟಿ.–ಸಿಇಟಿ ಇವು ಪ್ರವೇಶವನ್ನು ನಿರ್ಧರಿಸುತ್ತವೆ. ಹತ್ತನೆಯ ಇಯತ್ತೆಯ ಚಿತ್ರಕಲೆಯ ಏಳು ಅಂಕವಾಗಲಿ, ಖೋ ಖೋ ಪ್ರಮಾಣಪತ್ರವಾಗಲಿ ಈ ಪರೀಕ್ಷೆಗಳ ಅಂಕಕ್ಕೆ ಒಂದನ್ನೂ ಸೇರಿಸುವುದಿಲ್ಲ. ‘ಆಟವಾಡಿದರೆ ಡಾಕ್ಟರ್ ಆಗಬಹುದು’ ಎಂಬಂಥ ಹುಸಿ ಭರವಸೆಯನ್ನು ಶಿಕ್ಷಕರು ಕೊಡಬಾರದು. ಪಾಲಕರು ಶಿಕ್ಷಕರ ಮಾತನ್ನು ವೇದವಾಕ್ಯವೆಂದು ನಂಬುವ ಊರುಗಳಿವು. ಆ ನಂಬಿಕೆಗೆ ತಕ್ಕಂತೆ ಮಾತು ನಿಖರವಾಗಿರಬೇಕು.

ಕೆಲವು ಉನ್ನತ ಸಂಸ್ಥೆಗಳು ಈಚೆಗೆ ಹೊಸ ಬಾಗಿಲುಗಳನ್ನು ತೆರೆದಿರುವುದೂ ನಿಜ. ಮದ್ರಾಸ್ ಐಐಟಿಯು 2024-25ರಿಂದ ಪ್ರತಿಯೊಂದು ಪದವಿ ಕಾರ್ಯಕ್ರಮದಲ್ಲಿ ಕ್ರೀಡಾಪಟುಗಳಿಗಾಗಿ ಎರಡು ಹೆಚ್ಚುವರಿ ಜಾಗಗಳನ್ನಿಟ್ಟಿತು. ಅವುಗಳಲ್ಲಿ ಒಂದು ವಿದ್ಯಾರ್ಥಿನಿಯರಿಗೆ. ಮರುವರ್ಷ ಲಲಿತಕಲೆ ಹಾಗೂ ಸಂಸ್ಕೃತಿಯ ಕ್ಷೇತ್ರದಲ್ಲಿ ಸಾಧನೆ ಮಾಡಿದವರಿಗೂ ಇಂಥದೇ ಅವಕಾಶ ಬಂದಿತು. ಆದರೆ ಇವರೂ ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಲೇಬೇಕು. ದೆಹಲಿ ವಿಶ್ವವಿದ್ಯಾಲಯದಲ್ಲಿಯೂ ಕ್ರೀಡೆಗೆ ಹಾಗೂ ಪಠ್ಯೇತರ ಸಾಧನೆಗೆ ಹೆಚ್ಚುವರಿ ಜಾಗಗಳಿವೆ. ಇವು ವಿರಳವಾದ ಅವಕಾಶಗಳು. ನೂರರಲ್ಲಿ ಒಂದು ಮಗುವಿಗೂ ಒದಗಲಾರವು. ಆದರೂ ಆ ಒಂದು ಮಗು ಅಕ್ಕಲಕೋಟೆಯಲ್ಲಿ ಹುಟ್ಟಿರಬಹುದಾದುದರಿಂದ ಶಿಕ್ಷಕರಿಗೆ ಈ ಮಾಹಿತಿ ಇರಬೇಕು.

ಪಠ್ಯೇತರವೆನಿಸಿದ್ದೇ ಪ್ರವೇಶ ಪರೀಕ್ಷೆಯ ಪಠ್ಯವಾಗುವ ಇನ್ನೊಂದು ಬಗೆಯ ಬಾಗಿಲಿದೆ. ಮಹಾರಾಷ್ಟ್ರದ ಲಲಿತಕಲಾ ಪದವಿಗೆ ನಡೆಯುವ ಸಿಇಟಿಯಲ್ಲಿ ವಸ್ತುಚಿತ್ರ, ಸ್ಮರಣಚಿತ್ರ, ವಿನ್ಯಾಸ ಎಂಬ ಭಾಗಗಳಿವೆ. ಎಲಿಮೆಂಟರಿ ಪರೀಕ್ಷೆಯ ಮುಖ್ಯ ಭಾಗಗಳೂ ಇವೇ. ಎಂದರೆ ಎಂಟನೆಯ ಇಯತ್ತೆಯಲ್ಲಿ ಗ್ರೇಡ್ ಪರೀಕ್ಷೆಗೆ ಕುಳಿತ ಮಗು 1857ರಲ್ಲಿ ಸ್ಥಾಪನೆಯಾದ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಂಥ ಸಂಸ್ಥೆಯ ಪ್ರವೇಶಕ್ಕೆ ಅರಿವಿಲ್ಲದೆಯೇ ಸಿದ್ಧತೆ ಆರಂಭಿಸಿರುತ್ತದೆ. ಇದೇ ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ ಹುಟ್ಟಿದ ಎಂ. ಎಫ್. ಹುಸೇನ್ ಅವರು ಸಿನಿಮಾ ಫಲಕಗಳನ್ನು ಬರೆದು ಬದುಕಿ, ಮುಂದೆ ಲೋಕಪ್ರಸಿದ್ಧ ಕಲಾವಿದರಾದರೆಂಬುದನ್ನು ಮಕ್ಕಳಿಗೆ ಹೇಳಬಹುದು.

ಕಾಲೇಜು ಸೇರಿದ ಮೇಲೂ ಈ ಅಭ್ಯಾಸ ವ್ಯರ್ಥವಾಗುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ ಮತ್ತು ಪಠ್ಯೇತರ ಎಂಬ ಗಟ್ಟಿ ಗೋಡೆಯನ್ನು ಒಪ್ಪುವುದಿಲ್ಲ. ಅದರಂತೆ ರೂಪುಗೊಂಡ ಮಹಾರಾಷ್ಟ್ರದ ಪದವಿ ಶಿಕ್ಷಣದಲ್ಲಿ ಎನ್‌ಎಸ್‌ಎಸ್, ಎನ್‌ಸಿಸಿ, ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆಗಳಿಗೆ ಸಹಪಠ್ಯ ವಿಭಾಗದಲ್ಲಿ ಕ್ರೆಡಿಟ್‌ಗಳಿವೆ.

5. ಕರ್ನಾಟಕದ ಕಡೆಗಿನ ದಾರಿ

ಈ ಭಾಗದ ಕನ್ನಡ ಮಕ್ಕಳಿಗೆ ಬೇರೆಯವರಿಗಿಲ್ಲದ ದಾರಿಯೊಂದಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ‘ಗಡಿನಾಡ ಕನ್ನಡಿಗ’ ಎಂಬ ಅರ್ಹತಾ ವರ್ಗವಿದೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳು ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳು ಅದರಲ್ಲಿ ಹೆಸರಿಸಲ್ಪಟ್ಟಿವೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ, ಈ ಪ್ರದೇಶದ ನಿವಾಸಿಯಾದ ವಿದ್ಯಾರ್ಥಿಯು ಹತ್ತನೆಯ ಹಾಗೂ ಹನ್ನೆರಡನೆಯ ಎರಡೂ ಪರೀಕ್ಷೆಗಳನ್ನು ಇದೇ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಓದಿ ಉತ್ತೀರ್ಣನಾಗಿರಬೇಕು. ಜೊತೆಗೆ ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆಗೆ ಕೂರಬೇಕು.

ಈ ನಿಯಮದೊಳಗೆ ಎರಡು ಸೂಕ್ಷ್ಮಗಳಿವೆ. ಮೊದಲನೆಯದು ಸ್ಥಳದ್ದು. ಪಟ್ಟಿಯಲ್ಲಿರುವುದು ದಕ್ಷಿಣ ಸೊಲ್ಲಾಪುರ. ಸೊಲ್ಲಾಪುರ ನಗರದ ಮುಖ್ಯ ಭಾಗವಾದರೋ ಉತ್ತರ ಸೊಲ್ಲಾಪುರ ತಾಲ್ಲೂಕಿಗೆ ಸೇರಿದುದು. ಅಕ್ಕಲಕೋಟೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಮಗು ‘ಪೇಟೆಯ ಕಾಲೇಜು ಒಳ್ಳೆಯದು’ ಎಂದು ನಗರಕ್ಕೆ ಹೋಗಿ ಹನ್ನೆರಡನೆಯದನ್ನು ಅಲ್ಲಿ ಮುಗಿಸಿದರೆ ಈ ಅರ್ಹತೆಗೆ ಧಕ್ಕೆ ಬರಬಹುದು. ಕರ್ನಾಟಕದಲ್ಲಿ ವೃತ್ತಿಶಿಕ್ಷಣ ಪಡೆಯುವ ಆಸೆಯಿರುವ ಮಗುವಿನ ಪಾಲಕರಿಗೆ ಹನ್ನೊಂದನೆಯ ಇಯತ್ತೆಯ ಅರ್ಜಿ ತುಂಬುವ ಮೊದಲೇ ಈ ಮಾತನ್ನು ತಿಳಿಸಬೇಕು. ಎರಡು ವರ್ಷ ಕಳೆದ ಮೇಲೆ ತಿಳಿಸಿದರೆ ಪ್ರಯೋಜನವಿಲ್ಲ.

ಎರಡನೆಯದು ಭಾಷೆಯದು. ಕನ್ನಡ ಪರೀಕ್ಷೆಯ ಅಂಕ ರ‍್ಯಾಂಕಿಗೆ ಸೇರುವುದಿಲ್ಲವಾದರೂ ಅದರಲ್ಲಿ ಅರ್ಹತೆ ಪಡೆಯಲೇಬೇಕು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಗು ವಿಜ್ಞಾನ ಶಾಖೆಗೆ ಸೇರಿದ ಮೇಲೆ ಪಾಠ ಇಂಗ್ಲಿಷಿನಲ್ಲಿ, ಪೇಟೆಯ ವ್ಯವಹಾರ ಮರಾಠಿಯಲ್ಲಿ ನಡೆದು, ಕನ್ನಡ ಮನೆಯ ಮಾತಾಗಿ ಮಾತ್ರ ಉಳಿಯುತ್ತದೆ. ಓದು–ಬರಹದ ಕನ್ನಡ ಎರಡೇ ವರ್ಷಗಳಲ್ಲಿ ಮಸುಕಾಗುತ್ತದೆ. ಪಠ್ಯೇತರ ಚಟುವಟಿಕೆ ಇಲ್ಲಿ ನೇರವಾಗಿ ಪ್ರವೇಶಕ್ಕೆ ಸಹಾಯಕ. ಶಾಲೆಯಲ್ಲಿ ಗೋಡೆಪತ್ರಿಕೆ ಬರೆದವರು, ಭಾಷಣ ಸ್ಪರ್ಧೆಗೆ ನಿಂತವರು, ನಾಟಕದಲ್ಲಿ ಪಾತ್ರ ಮಾಡಿದವರು, ಗ್ರಂಥಾಲಯದ ಪುಸ್ತಕದ ರುಚಿ ಹತ್ತಿಸಿಕೊಂಡವರು ಪಠ್ಯಕ್ರಮ ಕೈಬಿಟ್ಟರೂ ಕನ್ನಡವನ್ನು ಕೈಬಿಡುವುದಿಲ್ಲ.

ಪಠ್ಯದ ಹೊರಗೆ ಬೆಳೆದ ಭಾಷೆ ಎಷ್ಟು ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಈ ನೆಲದಲ್ಲಿಯೇ ನಿದರ್ಶನವಿದೆ. 1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರ ಶಾಲಾ ಶಿಕ್ಷಣ ಮರಾಠಿಯಲ್ಲಿ ನಡೆಯಿತು. ಕನ್ನಡವನ್ನು ಅವರು ಸ್ವಂತ ಪ್ರಯತ್ನದಿಂದ ಗಳಿಸಿಕೊಂಡು, ಸಿದ್ಧರಾಮನನ್ನು ಕುರಿತ ಮಹಾಕಾವ್ಯವನ್ನು ರಚಿಸಿ, 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. ಕನ್ನಡ ಮಾಧ್ಯಮದ ಶಾಲೆಯೇ ಮನೆಯ ಹತ್ತಿರವಿರುವ ಇಂದಿನ ಮಕ್ಕಳಿಗೆ ಈ ಉದಾಹರಣೆ ಧೈರ್ಯ ತುಂಬಬಲ್ಲದು.

6. ಹೊರಗಿನ ಅನುಭವದಿಂದ ಎಚ್ಚರಿಕೆ

ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶಕ್ಕೆ ಅಂಕಗಳ ಜೊತೆಗೆ ಆಟ, ಸೇವೆ, ನಾಯಕತ್ವ, ವ್ಯಕ್ತಿತ್ವ ಎಲ್ಲವನ್ನೂ ತೂಗುತ್ತಾರೆ. ಕೇಳಲು ಇದು ಉದಾರವಾಗಿದೆ. ಇದರ ಇತಿಹಾಸ ಅಷ್ಟು ಉದಾರವಲ್ಲ. 1920ರ ದಶಕದಲ್ಲಿ ಹಾರ್ವರ್ಡ್‌ನಂಥ ಸಂಸ್ಥೆಗಳಲ್ಲಿ ಪರೀಕ್ಷೆಯ ಬಲದಿಂದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಏರಿತು. ಅದನ್ನು ತಗ್ಗಿಸುವ ಉದ್ದೇಶದಿಂದಲೇ ‘ಶೀಲ’, ‘ವ್ಯಕ್ತಿತ್ವ’ ಎಂಬ ಅಳತೆಗೆ ಸಿಗದ ಮಾನದಂಡಗಳಿಗೆ ಒತ್ತು ಬಂದಿತು. ಶತಮಾನದ ಬಳಿಕ, 2019ರಲ್ಲಿ, ಶ್ರೀಮಂತ ಪಾಲಕರು ಲಂಚ ಕೊಟ್ಟು, ಎಂದೂ ಆಡದ ಮಕ್ಕಳನ್ನು ಕ್ರೀಡಾಪಟುಗಳೆಂದು ತೋರಿಸಿ ಜಾಗ ಕೊಂಡ ದೊಡ್ಡ ಹಗರಣ ಅಲ್ಲಿ ಬಯಲಾಯಿತು.

ಇದರಿಂದ ಕಲಿಯಬೇಕಾದ ಪಾಠ ಎರಡು. ಅಳತೆ ಸ್ಪಷ್ಟವಿಲ್ಲದಿದ್ದರೆ ಪಠ್ಯೇತರ ಸಾಧನೆಯು ಉಳ್ಳವರ ಅಸ್ತ್ರವಾಗುತ್ತದೆ. ಮಹಾರಾಷ್ಟ್ರದ ವ್ಯವಸ್ಥೆಯಲ್ಲಿ ಇಷ್ಟು ಸಾಧನೆಗೆ ಇಷ್ಟೇ ಅಂಕ ಎಂಬ ನಿಗದಿ ಇರುವುದು ಬಡ ಮಗುವಿಗೆ ಒಂದು ರಕ್ಷಣೆಯೇ. ಎರಡನೆಯದಾಗಿ, ಸುಳ್ಳು ಪ್ರಮಾಣಪತ್ರಕ್ಕೆ ಹಾಕಿದ ಒಂದು ಸಹಿ ನಿಜವಾಗಿ ಆಡಿದ ಮಗುವಿನ ಜಾಗವನ್ನು ಕಸಿಯುತ್ತದೆ. ಊರಿನವರ ಒತ್ತಾಯ, ನೆಂಟಸ್ತಿಕೆ, ಗೌರವ ಯಾವುದೇ ಇರಲಿ, ಆಡದವನನ್ನು ಆಡಿದನೆಂದು ಬರೆಯುವುದು ಶಿಕ್ಷಕರಿಗೆ ಸಲ್ಲದು. ಹಾಗೆ ಬರೆಯುತ್ತ ಹೋದರೆ ಆ ಶಾಲೆಯ ನಿಜವಾದ ಪ್ರಮಾಣಪತ್ರಕ್ಕೂ ಬೆಲೆ ಉಳಿಯುವುದಿಲ್ಲ.

7. ಶಾಲೆಯಲ್ಲಿ ಆಗಬೇಕಾದ ಕೆಲಸ

ಈ ಎಲ್ಲವನ್ನೂ ಆಚರಣೆಗೆ ತರಲು ಹೊಸ ಅನುದಾನ ಬೇಕಾಗಿಲ್ಲ, ಕ್ರಮ ಬೇಕು. ಐದನೆಯ ಇಯತ್ತೆಯಿಂದ ಪ್ರತಿಯೊಂದು ಮಗುವಿಗೂ ಒಂದು ಕಡತವಿರಲಿ. ಅದರಲ್ಲಿ ಹೆಸರಿನ ನಿಶ್ಚಿತ ರೂಪ, ಪಾಲ್ಗೊಂಡ ಸ್ಪರ್ಧೆ, ದಿನಾಂಕ, ಮೂಲ ಪ್ರಮಾಣಪತ್ರದ ಪ್ರತಿ ಇರಲಿ. ಮೂಲಪ್ರತಿ ಪಾಲಕರ ಬಳಿ ಇರುತ್ತದೆ. ಮಳೆಗೆ, ಮನೆ ಬದಲಾವಣೆಗೆ ಅದು ಕಳೆದುಹೋದಾಗ ಶಾಲೆಯ ಪ್ರತಿ ಆಸರೆಯಾಗುತ್ತದೆ. ಏಳನೆಯ ಇಯತ್ತೆಯಲ್ಲಿ ಚಿತ್ರಕಲೆಯ ಒಲವಿರುವ ಮಕ್ಕಳನ್ನು ಗುರುತಿಸಿ, ಎಂಟರಲ್ಲಿ ಎಲಿಮೆಂಟರಿ, ಒಂಬತ್ತರಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಕಳಿಸುವುದು ಅನುಕೂಲ. ಹೀಗಾದರೆ ಹತ್ತನೆಯ ಇಯತ್ತೆಯ ಓದಿಗೆ ಅಡ್ಡಿಯಾಗುವುದಿಲ್ಲ. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆ ಹತ್ತಿರದ ಶಾಲೆಯೊಡನೆ ಹೊಂದಿಕೊಂಡು ವಾರಕ್ಕೊಂದು ತಾಸು ನಡೆಸಬಹುದು. ವಿಜ್ಞಾನದ ಕಲ್ಪನೆಗಳಿರುವ ಮಕ್ಕಳಿಗೆ ಇನ್‌ಸ್ಪೈರ್–ಮಾನಕ್ ಯೋಜನೆಯಿದೆ. ಅದರಲ್ಲಿ ಆಯ್ಕೆಯಾದ ಮಗುವಿಗೆ ಮಾದರಿ ತಯಾರಿಸಲು 10,000 ರೂಪಾಯಿ ದೊರೆಯುತ್ತದೆ, ಕಲ್ಪನೆಯನ್ನು ಭಾರತೀಯ ಭಾಷೆಯಲ್ಲಿಯೇ ಬರೆದು ಕಳಿಸಲು ಅವಕಾಶವಿದೆ.

ಚಟುವಟಿಕೆಗಳು ಸಾಧ್ಯವಾದಷ್ಟು ಶಾಲೆಯ ವೇಳೆಯಲ್ಲಿಯೇ ನಡೆಯಬೇಕು. ಸಂಜೆ ಐದರ ಮೇಲೆ ನಡೆಸಿದ ಅಭ್ಯಾಸಕ್ಕೆ ಬರಲಾಗದ ಮಕ್ಕಳಿದ್ದಾರೆ. ಬೀಡಿ ಎಲೆ ಕತ್ತರಿಸುವ ತಾಯಿಗೆ ನೆರವಾಗಬೇಕಾದ ಹುಡುಗಿ, ತಮ್ಮನನ್ನು ನೋಡಿಕೊಳ್ಳಬೇಕಾದ ಹುಡುಗಿ, ದೂರದ ವಸ್ತಿಗೆ ಬಸ್ಸು ಹಿಡಿಯಬೇಕಾದ ಹುಡುಗಿ ಮೈದಾನದಿಂದ ಮೊದಲು ಮರೆಯಾಗುತ್ತಾರೆ. ಜಿಲ್ಲಾ ಸ್ಪರ್ಧೆಗೆ ಆಯ್ಕೆಯಾದ ಹುಡುಗಿಯನ್ನು ಕಳಿಸಲು ಮನೆಯವರು ಹಿಂಜರಿದಾಗ ಶಿಕ್ಷಕಿಯೊಬ್ಬರು ಮನೆಗೆ ಹೋಗಿ, ‘ನಾನು ಜೊತೆಗಿರುತ್ತೇನೆ, ಸಂಜೆಯೊಳಗೆ ಕರೆತಂದು ಬಿಡುತ್ತೇನೆ’ ಎಂದು ಹೇಳುವ ಒಂದು ಮಾತು ಹತ್ತು ಸುತ್ತೋಲೆಗಳಿಗಿಂತ ಬಲವಾದುದು.

ಕೊನೆಯದಾಗಿ ಒಂದು ಮಾತು. ಅಂಕಕ್ಕಾಗಿಯೇ ಆಟ, ಅಂಕಕ್ಕಾಗಿಯೇ ಹಾಡು ಎಂದಾದರೆ ಹತ್ತನೆಯ ಇಯತ್ತೆ ಮುಗಿದ ದಿನವೇ ಮಗು ಎರಡನ್ನೂ ಬಿಡುತ್ತದೆ. ಆಡಿದ ಸುಖಕ್ಕಾಗಿ ಆಡಿದ ಮಗುವಿಗೆ ಅಂಕ ಬಂದರೆ ಅದು ನ್ಯಾಯ. ಬಾರದಿದ್ದರೂ ಗಳಿಸಿದ ಆರೋಗ್ಯ, ಧೈರ್ಯ, ಗೆಳೆತನ ಅದರದೇ. ಆದರೆ ಬರಬೇಕಾದ ಅಂಕ ಶಾಲೆಯ ಅಲಕ್ಷ್ಯದಿಂದ ಬಾರದೆ ಹೋದರೆ ಅದು ಮಗುವಿಗೆ ಮಾಡಿದ ಅನ್ಯಾಯ. ಕನ್ನಡ ಮಾಧ್ಯಮಕ್ಕೆ ಮಗುವನ್ನು ಕಳಿಸಿದ ಪಾಲಕರು ನಂಬಿಕೆಯಿಂದ ಕಳಿಸಿದ್ದಾರೆ. ಮಾಧ್ಯಮದ ಕಾರಣದಿಂದ ತಮ್ಮ ಮಗುವಿನ ಕೈತಪ್ಪಿದ್ದು ಏನೂ ಇಲ್ಲವೆಂದು ಅವರಿಗೆ ಅನಿಸಬೇಕು. ಗಡಿಭಾಗದ ಕನ್ನಡ ಶಾಲೆಗಳ ಹಾಜರಿ ಪಟ್ಟಿ ಉಳಿಯುವುದೂ ಬೆಳೆಯುವುದೂ ಭಾಷಣಗಳಿಗಿಂತ ಹೆಚ್ಚಾಗಿ ಈ ಭರವಸೆಯ ಮೇಲೆ ನಿಂತಿದೆ. ಈ ವರ್ಷದ ಸುತ್ತೋಲೆಯನ್ನು ಓದಿ, ಈ ವರ್ಷದ ಮಕ್ಕಳ ಕಡತವನ್ನು ತೆರೆದು, ಮೊದಲ ಪ್ರಸ್ತಾವವನ್ನು ಕಳಿಸುವುದರಿಂದ ಆ ಕೆಲಸ ಆರಂಭವಾಗಲಿ.